ಅಳಿಸಿದ ಮೇಲೂ ಬದುಕಿರೋ ಫೈಲುಗಳು

ಭಾಗ 1

ಫೋಟೋದಲ್ಲಿರೋದು ಕೆ.ಆರ್.ಎಸ್ ಹಿನ್ನೀರು. 1911ರಲ್ಲಿ ಕಟ್ಟೆ ಕೆಲಸ ಶುರುವಾಯ್ತು, 1930ರ ದಶಕದ ಆರಂಭದಲ್ಲಿ ಮುಗೀತು, ಕನ್ನಂಬಾಡಿ ಅನ್ನೋ ಊರು ನೀರಿನಡಿ ಹೋಯ್ತು. ಜನ ಬೇರೆ ಕಡೆ ಹೋಗಿ ಹೊಸ ಕನ್ನಂಬಾಡಿ ಅಂತ ಕಟ್ಕೊಂಡ್ರು. ಸರ್ಕಾರಿ ದಾಖಲೆಯಲ್ಲಿ ಅಣೆಕಟ್ಟೆ ಹೆಸರು ಕೃಷ್ಣರಾಜಸಾಗರ. ಆದ್ರೆ ನಮ್ಮ ಕಡೆ ವಯಸ್ಸಾದವರನ್ನ ಕೇಳಿ ನೋಡಿ, "ಕನ್ನಂಬಾಡಿ ಕಟ್ಟೆ ತುಂಬ್ತಾ?" ಅಂತಲೇ ಕೇಳ್ತಾರೆ. ಊರು ಹೋಗಿ ತೊಂಬತ್ತು ವರ್ಷ ದಾಟಿದೆ, ಬಾಯಲ್ಲಿ ಇನ್ನೂ ಇದೆ. ನಮ್ಮ ಸಿಂಧಘಟ್ಟ ಇರೋ ತಾಲ್ಲೂಕಿಗೇ ನೋಡಿ, ಇವತ್ತು ಕೆ.ಆರ್.ಪೇಟೆ, ಹಿಂದೆ ಅತ್ತಿಕುಪ್ಪೆ. ಪಕ್ಕದ ಪಾಂಡವಪುರಕ್ಕೆ ಹಿರೋಡೆ ಅಂತಲೂ ಫ್ರೆಂಚ್ ರಾಕ್ಸ್ ಅಂತಲೂ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದಕ್ಕೆ ಬಂದ ಹೆಸರು ಅದು.

ಊರ ಹೆಸರಿನ ಸೀರೀಸ್ ಅಂದ್ಕೋಬೇಡಿ. ಹೋದ ವಾರ ಕ್ಲಾಸಲ್ಲಿ ಒಂದು ಪ್ರಶ್ನೆ ಬಂತಲ್ಲ, "ಅಪ್‌ಡೇಟ್ ಹಾಕಿದ ಮೇಲೂ ಸರ್ವರ್‌ನಲ್ಲಿ ಹಳೇ ತೊಂದರೆ ಹೇಗೆ ಉಳಿಯುತ್ತೆ?" ಅಂತ, ಅದಕ್ಕೆ ಉತ್ತರ ಇದು. ಉತ್ತರ ಚಿಕ್ಕದು, ಅದರ ಹಿಂದಿನ ಕಥೆ ಐವತ್ತು ವರ್ಷದ್ದು. ಅದಕ್ಕೇ ಒಂದು ಪೋಸ್ಟಲ್ಲಿ ಮುಗಿಯಲ್ಲ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2

ಮೊದಲು ಒಂದು ಮಾತು ತಲೇಲಿ ಕೂರ್ಬೇಕು. ಲಿನಕ್ಸ್‌ನಲ್ಲಿ ಫೈಲ್‌ನ ಹೆಸರು ಬೇರೆ, ಫೈಲ್ ಬೇರೆ.

ಪಹಣಿ ಗೊತ್ತಲ್ಲ. ಎಷ್ಟೋ ಮನೇಲಿ ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತೆ, ಪೌತಿ ಖಾತೆ ಮಾಡಿಸಿರಲ್ಲ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಬರ್ತಿರುತ್ತೆ. ಹೆಸರಿದೆ, ಆಸಾಮಿ ಇಲ್ಲ. ಲಿನಕ್ಸ್‌ನಲ್ಲಿ ಆಗೋದು ಇದರ ಉಲ್ಟಾ: ಆಸಾಮಿ ಇದ್ದಾನೆ, ಉಳುಮೆ ಮಾಡ್ತಾನೇ ಇದ್ದಾನೆ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ.

ಇದು ಶುರುವಾಗಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಪಿಡಿಪಿ-7 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಯುನಿಕ್ಸ್ ಬರೆದ್ರು. ಫೈಲ್‌ನ ನಿಜವಾದ ವಿವರ, ಅಂದ್ರೆ ಎಷ್ಟು ದೊಡ್ಡದು, ಯಾರದ್ದು, ಡಿಸ್ಕ್‌ನಲ್ಲಿ ಎಲ್ಲೆಲ್ಲಿದೆ ಅನ್ನೋದನ್ನ ಒಂದು ನಂಬರ್ ಹಾಕಿದ ಪಟ್ಟೀಲಿ ಇಟ್ರು. ಆ ಪಟ್ಟಿಯ ಒಂದೊಂದು ನಮೂದಿಗೂ ಐನೋಡ್ ಅಂತ ಹೆಸರು. ("ಐ" ಅಂದ್ರೇನು ಅಂತ ರಿಚಿಯವರನ್ನೇ ಕೇಳಿದಾಗ ಅವರಿಗೂ ಖಾತ್ರಿ ಇರಲಿಲ್ಲ, ಇಂಡೆಕ್ಸ್ ಇರಬೇಕು ಅಂದ್ರು. ಹೆಸರಿಟ್ಟವರಿಗೇ ಮರೆತುಹೋಗಿತ್ತು!) ಡೈರೆಕ್ಟರಿ ಅಂದ್ರೆ ಬರೀ "ಈ ಹೆಸರಿಗೆ ಈ ನಂಬರ್" ಅನ್ನೋ ಚೀಟಿಗಳ ಕಟ್ಟು.

ಹಾಗಾಗಿ ಯುನಿಕ್ಸ್‌ನ ಒಳಗೆ "ಅಳಿಸು" ಅನ್ನೋ ಕರೆಯೇ ಇಲ್ಲ. ಇರೋದು "ಅನ್‌ಲಿಂಕ್", ಅಂದ್ರೆ ಚೀಟಿ ಹರಿ. 1971ರ ನವೆಂಬರ್‌ನಲ್ಲಿ ಬಂದ ಮೊದಲ ಕೈಪಿಡಿಯಲ್ಲೇ ಆ ಹೆಸರಿದೆ. ಚೀಟಿ ಹರಿದ ಮೇಲೆ ಫೈಲ್ ನಿಜವಾಗಿ ಹೋಗೋಕೆ ಎರಡು ಷರತ್ತು: ಅದಕ್ಕೆ ಇನ್ಯಾವ ಹೆಸರೂ ಇರಬಾರದು, ಮತ್ತೆ ಯಾವ ಪ್ರಾಸೆಸ್ಸೂ ಅದನ್ನ ತೆರೆದು ಹಿಡ್ಕೊಂಡಿರಬಾರದು. ಒಂದೇ ಒಂದು ಪ್ರಾಸೆಸ್ ಹಿಡಿದಿದ್ರೂ ಸಾಕು, ಅದು ಕೈಬಿಡೋವರೆಗೂ ಫೈಲ್ ಡಿಸ್ಕ್‌ನಲ್ಲಿ ಇದ್ದೇ ಇರುತ್ತೆ. 1979ರ 7ನೇ ಆವೃತ್ತಿಯ ಕೈಪಿಡಿಯಲ್ಲಿ ಇದನ್ನ ಸ್ಪಷ್ಟವಾಗಿ ಬರೆದಿದ್ದಾರೆ: ಡೈರೆಕ್ಟರಿಯಿಂದ ಹೆಸರು ಮಾಯವಾದ್ರೂ, ತೆರೆದವರು ಮುಚ್ಚೋವರೆಗೂ ನಾಶ ಮುಂದೂಡಿಕೆಯಾಗುತ್ತೆ ಅಂತ.

ಇದೇನು ಕಣ್ತಪ್ಪಿ ಆದ ತಪ್ಪಲ್ಲ ಕಣ್ರೋ. ಬೇಕಂತಲೇ ಮಾಡಿದ ವ್ಯವಸ್ಥೆ. ಪ್ರೋಗ್ರಾಂಗಳು ಇದನ್ನ ಚೆನ್ನಾಗಿ ಬಳಸಿಕೊಂಡ್ವು. ತಾತ್ಕಾಲಿಕ ಫೈಲ್ ಬೇಕಾ, ತೆರೆದ ಕೂಡಲೇ ಅದರ ಹೆಸರು ಅಳಿಸಿಬಿಡು, ಆಮೇಲೆ ಆರಾಮಾಗಿ ಬಳಸು. ಪ್ರೋಗ್ರಾಂ ಮಧ್ಯದಲ್ಲಿ ಸತ್ತರೂ ಕಸ ಉಳಿಯಲ್ಲ, ಕರ್ನಲ್ಲೇ ಗುಡಿಸುತ್ತೆ.

ಭಾಗ 3

ವಿಂಡೋಸ್ ಬಳಸೋರಿಗೆ ಇದು ವಿಚಿತ್ರ ಅನ್ಸುತ್ತೆ. ಅಲ್ಲಿ ತೆರೆದಿರೋ ಫೈಲ್ ಅಳಿಸೋಕೆ ಹೋದ್ರೆ "ಬೇರೆ ಪ್ರೋಗ್ರಾಂ ಬಳಸ್ತಿದೆ" ಅಂತ ಗದರಿಸುತ್ತೆ. ಅದಕ್ಕೇ ಅಪ್‌ಡೇಟ್ ಆದ್ಮೇಲೆ ರೀಸ್ಟಾರ್ಟ್ ಕೇಳೋದು: ಹಳೇ ಫೈಲ್ ಬದಲಿಸೋ ಕೆಲಸವನ್ನ ಬರೆದಿಟ್ಕೊಂಡು, ಮುಂದಿನ ಸಲ ಕಂಪ್ಯೂಟರ್ ಎದ್ದೇಳುವಾಗ, ಇನ್ನೂ ಯಾರೂ ಆ ಫೈಲ್ ಹಿಡಿಯೋದಕ್ಕೆ ಮುಂಚೆ ಮಾಡುತ್ತೆ.

ಲಿನಕ್ಸ್‌ನಲ್ಲಿ ಹಾಗಿಲ್ಲ. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಅಪ್‌ಡೇಟ್ ಆಗುವಾಗ ಡಿಪಿಕೆಜಿ ಏನ್ ಮಾಡುತ್ತೆ ಅಂದ್ರೆ, ಹೊಸ ಫೈಲ್‌ನ ಪಕ್ಕದಲ್ಲಿ ಬೇರೆ ಹೆಸರಲ್ಲಿ ಬರೆದು, ಆಮೇಲೆ ಒಂದೇ ಏಟಿಗೆ ಹಳೇ ಹೆಸರಿಗೆ ಬದಲಾಯಿಸುತ್ತೆ. ಹೆಸರು ಈಗ ಹೊಸ ಫೈಲ್‌ದು. ಹಳೇ ಫೈಲ್‌ಗೆ ಹೆಸರಿಲ್ಲ. ಆದ್ರೆ ಆಗಲೇ ಓಡ್ತಿರೋ ಪ್ರೋಗ್ರಾಂಗಳ ಕೈಲಿ ಹಳೇದೇ ಇರುತ್ತೆ.

ಇದರ ಲಾಭ ದೊಡ್ಡದು. ಸಾವಿರ ಜನ ಬಳಸ್ತಿರೋ ಸರ್ವರ್‌ನ ನಿಲ್ಲಿಸದೆ ಅಪ್‌ಡೇಟ್ ಹಾಕಬಹುದು. 90ರ ದಶಕದ ಅಡ್ಮಿನ್‌ಗಳಿಗೆ ಇದೊಂದು ಹೆಮ್ಮೆ. "ನನ್ನ ಸರ್ವರ್ ಆಫ್ ಆಗಿ 400 ದಿನ ಆಯ್ತು" ಅಂತ ಅಪ್‌ಟೈಮ್ ತೋರಿಸಿಕೊಂಡು ಓಡಾಡೋರು. ಎತ್ತು ಎಷ್ಟು ದಿನ ಮಲಗಿಲ್ಲ ಅಂತ ಜಂಬ ಪಟ್ಟ ಹಾಗೆ ಅದು ಅಂತ ನನಗನ್ಸುತ್ತೆ. 400 ದಿನ ನಿಲ್ಲದ ಯಂತ್ರ ಅಂದ್ರೆ ಅದರ ಕರ್ನಲ್ 400 ದಿನ ಹಳೇದು, ಅದರೊಳಗೆ ಓಡ್ತಿರೋ ಸರ್ವಿಸ್‌ಗಳೂ ಬಹುಶಃ ಅಷ್ಟೇ ಹಳೇವು ಅಂತಲೂ ಅರ್ಥ. ಆಗ ಆ ಲೆಕ್ಕ ಯಾರೂ ಹಾಕ್ತಿರಲಿಲ್ಲ.

ನಮ್ಮಲ್ಲಿ ಲಿನಕ್ಸ್ ಬಂದಿದ್ದೂ ಅದೇ ಕಾಲಕ್ಕೆ. ಇಂಟರ್ನೆಟ್ ಅಂದ್ರೆ ಕುಂಟೋ ಮೋಡೆಮ್ ಆಗಿದ್ದ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಸಿಡಿ ಹಂಚಿದ್ರು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಿಂದ ಬೆಂಗಳೂರಲ್ಲಿ "ಲಿನಕ್ಸ್ ಬೆಂಗಳೂರು" ಸಮ್ಮೇಳನ ನಡೀತು, 2005ರಿಂದ ಅದೇ "ಫಾಸ್.ಇನ್" ಆಯ್ತು. ಈಗ ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಬೆಂಗಳೂರಲ್ಲಿ ರಾತ್ರಿ ಪಾಳಿಯಲ್ಲಿ ಕೂತು ನೋಡ್ಕೊಳ್ಳೋ ಸರ್ವರ್‌ಗಳ ಕಥೆ ಅಲ್ಲಿಂದ ಶುರು.

ಭಾಗ 4

ಈ ಗುಣದ ಮೊದಲ ಕಾಟ ಸೆಕ್ಯುರಿಟಿಯದ್ದಲ್ಲ, ಜಾಗದ್ದು.

ಸರ್ವರ್ ಡಿಸ್ಕ್ ತುಂಬಿದೆ. ಯಾರೋ ಹೋಗಿ ದೊಡ್ಡ ಲಾಗ್ ಫೈಲ್ ಒಂದನ್ನ ಅಳಿಸ್ತಾರೆ. ಆದ್ರೂ ಜಾಗ ಬರಲ್ಲ. ಡಿಎಫ್ ಅನ್ನೋ ಕಮಾಂಡ್ "100% ತುಂಬಿದೆ" ಅನ್ನುತ್ತೆ, ಡಿಯು ಅನ್ನೋ ಕಮಾಂಡ್ "ಅರ್ಧ ಖಾಲಿ" ಅನ್ನುತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಡಿಯು ಮನೆಮನೆಗೆ ಹೋಗಿ ಹೆಸರು ಕೂಗಿ ಎಣಿಸುತ್ತೆ, ಹೆಸರಿಲ್ಲದೋರು ಲೆಕ್ಕಕ್ಕೆ ಸಿಗಲ್ಲ. ಡಿಎಫ್ ಉಗ್ರಾಣದಲ್ಲಿ ಎಷ್ಟು ಖಾಲಿ ಇದೆ ಅಂತ ನೇರವಾಗಿ ಕೇಳುತ್ತೆ. ಇವೆರಡರ ವ್ಯತ್ಯಾಸ ಎಷ್ಟೋ ಸಲ ಅಳಿಸಿದ ಮೇಲೂ ಯಾರೋ ಹಿಡ್ಕೊಂಡಿರೋ ಫೈಲ್.

ಯಾರು ಹಿಡ್ಕೊಂಡಿದ್ದಾರೆ ಅಂತ ಕಂಡುಹಿಡಿಯೋದು ಹೇಗೆ? ಇಲ್ಲಿ ಇಬ್ಬರು ಪುಣ್ಯಾತ್ಮರನ್ನ ನೆನೀಬೇಕು.

ಒಬ್ಬರು ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್. ಓಡ್ತಿರೋ ಪ್ರಾಸೆಸ್‌ಗಳನ್ನೇ ಫೈಲ್‌ಗಳ ಹಾಗೆ ತೋರಿಸೋಣ ಅನ್ನೋ ಯೋಚನೆಯನ್ನ 1984ರಲ್ಲಿ ಪ್ರಬಂಧವಾಗಿ ಮಂಡಿಸಿದ್ರು. ಅದೇ "ಪ್ರಾಕ್". ಲಿನಕ್ಸ್ ಆ ಯೋಚನೆಯನ್ನ ತಗೊಂಡು ತನ್ನದೇ ರೀತೀಲಿ ಬೆಳೆಸಿತು. ಇವತ್ತು ನಿಮ್ಮ ಉಬುಂಟುವಿನಲ್ಲಿ ಪ್ರಾಕ್ ಡೈರೆಕ್ಟರಿ ತೆರೆದರೆ ಒಂದೊಂದು ಪ್ರಾಸೆಸ್‌ಗೂ ಅದರ ನಂಬರಿನ ಫೋಲ್ಡರ್ ಇರುತ್ತೆ. ಒಳಗೆ "ಎಫ್‌ಡಿ" ಅನ್ನೋ ಫೋಲ್ಡರಲ್ಲಿ ಅದು ತೆರೆದಿರೋ ಫೈಲ್‌ಗಳು, "ಮ್ಯಾಪ್ಸ್" ಅನ್ನೋ ಫೈಲಲ್ಲಿ ಅದು ಮೆಮೊರಿಗೆ ಜೋಡಿಸಿಕೊಂಡಿರೋ ಲೈಬ್ರರಿಗಳು. ಹೆಸರು ಹೋಗಿರೋ ಫೈಲ್ ಆದ್ರೆ ಸಾಲಿನ ಕೊನೇಲಿ "ಡಿಲೀಟೆಡ್" ಅಂತ ಕರ್ನಲ್ಲೇ ಬರೆದು ತೋರಿಸುತ್ತೆ. ಮುಂದೆ ಬರೋ ಇಡೀ ಕಥೆ ಆ ಒಂದು ಪದದ ಮೇಲೆ ನಿಂತಿದೆ.

ಇನ್ನೊಬ್ಬರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ಸೆಂಟರ್‌ನಲ್ಲಿದ್ದ ವಿಕ್ಟರ್ ಏಬಲ್. "ಎಲ್‌ಎಸ್‌ಓಎಫ್" ಬರೆದವರು ಅವರು. ತೆರೆದಿರೋ ಫೈಲ್‌ಗಳ ಪಟ್ಟಿ ಕೊಡೋ ಟೂಲ್. ಕೇಳೋಕೆ ಸಣ್ಣದು, ಆದ್ರೆ ಯುನಿಕ್ಸ್ ಅಂದ್ರೆ ಆಗ ಹತ್ತಾರು ಕಂಪನಿಯ ಹತ್ತಾರು ತಳಿ, ಒಂದೊಂದರ ಒಳಗೂ ಬೇರೆ ಬೇರೆ ಏರ್ಪಾಡು. ಎಲ್ಲಕ್ಕೂ ಹೊಂದೋ ಹಾಗೆ ವರ್ಷಗಟ್ಟಲೆ ಅದನ್ನ ನೋಡ್ಕೊಂಡ್ರು. ಇಂಥ ಕೆಲಸ ಮಾಡೋರಿಗೆ ಯಾವ ಊರಲ್ಲೂ ಸನ್ಮಾನ ಮಾಡಲ್ಲ.

ಟ್ರೈ ಮಾಡಬೇಕು ಅನ್ನೋರಿಗೆ: ಟರ್ಮಿನಲ್‌ನಲ್ಲಿ ಸುಡೋ ಜೊತೆ ಎಲ್‌ಎಸ್‌ಓಎಫ್ ಅಂತ ಟೈಪಿಸಿ, ಒಂದು ಸ್ಪೇಸ್ ಬಿಟ್ಟು ಪ್ಲಸ್ ಚಿಹ್ನೆ, ಕ್ಯಾಪಿಟಲ್ ಎಲ್, 1 ಇವಿಷ್ಟನ್ನ ಕೂಡಿಸಿ ಹಾಕಿ. ಲಿಂಕ್ ಎಣಿಕೆ ಒಂದಕ್ಕಿಂತ ಕಡಿಮೆ, ಅಂದ್ರೆ ಸೊನ್ನೆ ಇರೋ ತೆರೆದ ಫೈಲ್‌ಗಳೆಲ್ಲ ಬರುತ್ತೆ. ಹೆಸರಿಲ್ಲದ ಆಸಾಮಿಗಳ ಪಟ್ಟಿ ಅದು. ಇನ್ನೊಂದು ಮಜಾ ಏನಂದ್ರೆ, ತಪ್ಪಿ ಅಳಿಸಿದ ಫೈಲ್‌ನ ಯಾವುದಾದ್ರೂ ಪ್ರಾಸೆಸ್ ಇನ್ನೂ ಹಿಡ್ಕೊಂಡಿದ್ರೆ, ಪ್ರಾಕ್ ಒಳಗಿನ ಎಫ್‌ಡಿ ಫೋಲ್ಡರಿಂದ ಅದನ್ನ ಕಾಪಿ ಮಾಡಿ ಬದುಕಿಸಿಕೊಳ್ಳಬಹುದು. ಅದಕ್ಕೇ ಮುಖ್ಯವಾದ ಫೈಲ್ ಅಳಿಸಿ ಹೋದಾಗ ಗಾಬರಿಯಲ್ಲಿ ಪ್ರೋಗ್ರಾಂ ಮುಚ್ಚಬೇಡಿ. ಮುಚ್ಚಿದ್ರೆ ಆಗಲೇ ಅದು ನಿಜವಾಗಿ ಸಾಯೋದು.

ಭಾಗ 5

ಈಗ ಅಸಲಿ ವಿಷಯ. ತಾರೀಖು 2014ರ ಏಪ್ರಿಲ್ 7.

ಅವತ್ತು ಹಾರ್ಟ್‌ಬ್ಲೀಡ್ ಹೊರಗೆ ಬಂತು. ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿ, ಬ್ರೌಸರ್ ಮತ್ತು ಸರ್ವರ್ ನಡುವಿನ ಬೀಗದ ಕೆಲಸ ಮಾಡೋದು, ಅದರಲ್ಲಿ ತೂತು. ಗೂಗಲ್‌ನ ನೀಲ್ ಮೆಹ್ತಾ ಒಂದು ಕಡೆ, ಫಿನ್‌ಲ್ಯಾಂಡಿನ ಕೋಡೆನಾಮಿಕಾನ್ ಕಂಪನಿಯವರು ಇನ್ನೊಂದು ಕಡೆ, ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದಿದ್ರು. ತೂತು ಬಿದ್ದದ್ದು 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಲ್ಲಿ. ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತೂತು ಏನು ಅಂದ್ರೆ, "ಹಾರ್ಟ್‌ಬೀಟ್" ಅಂತ ಒಂದು ಸೌಲಭ್ಯ. "ಇದ್ದೀಯಾ? ನಾನು ಕಳಿಸಿದ್ದನ್ನ ವಾಪಸ್ ಕಳಿಸು" ಅಂತ ಒಬ್ಬರು ಕೇಳ್ತಾರೆ, ಇನ್ನೊಬ್ಬರು ಹಾಗೇ ವಾಪಸ್ ಕಳಿಸ್ತಾರೆ. ಕೇಳೋನು "ನಾನು ಕಳಿಸಿದ್ದು 64 ಕೆಬಿ" ಅಂತ ಹೇಳಿ ಬರೀ ಒಂದು ಅಕ್ಷರ ಕಳಿಸಿದ್ರೆ? ಲೈಬ್ರರಿ ಅಳತೆ ನೋಡ್ತಿರಲಿಲ್ಲ. ಆ ಒಂದು ಅಕ್ಷರದ ಜೊತೆಗೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲೇನಿದೆಯೋ ಅದನ್ನೂ ತುಂಬಿ ಹತ್ತಿರ ಹತ್ತಿರ 64 ಕೆಬಿ ಕೊಟ್ಟುಬಿಡ್ತಿತ್ತು. ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಗುಟ್ಟಿನ ಕೀಲಿಯೇ ಇರಬಹುದು. ಅರ್ಧ ಸೇರು ರಾಗಿ ತಂದು "ಇದು ಒಂದು ಪಲ್ಲ" ಅಂದೋನಿಗೆ, ಅಳೆದು ನೋಡದೆ ಪಕ್ಕದ ಮನೆಯವರ ಮೂಟೇನೂ ಸೇರಿಸಿ ಒಂದು ಪಲ್ಲ ಹಿಟ್ಟು ಕೊಟ್ಟು ಕಳಿಸಿದ ಮಿಲ್ಲಿನವನ ಕಥೆ. ಅದೂ ಎಷ್ಟು ಸಲ ಬೇಕಾದ್ರೂ. ನೆಟ್‌ಕ್ರಾಫ್ಟ್ ಸಂಸ್ಥೆ ಅಂದಾಜಿನಂತೆ ಸುಮಾರು 5 ಲಕ್ಷ ವೆಬ್‌ಸೈಟ್‌ಗಳು ಈ ಗುಂಡಿಯಲ್ಲಿದ್ವು.

ಸರಿಪಡಿಸಿದ 1.0.1ಜಿ ಆವೃತ್ತಿ ಅದೇ ದಿನ ಬಂತು. ಡೆಬಿಯನ್, ರೆಡ್ ಹ್ಯಾಟ್, ಉಬುಂಟು ಎಲ್ಲರೂ ತಕ್ಷಣ ಪ್ಯಾಚ್ ಕೊಟ್ರು. ಜಗತ್ತಿನ ಅಡ್ಮಿನ್‌ಗಳೆಲ್ಲ ರಾತ್ರೋರಾತ್ರಿ ಎದ್ದು ಅಪ್‌ಡೇಟ್ ಹಾಕಿದ್ರು.

ಎಷ್ಟೋ ಕಡೆ ಅಷ್ಟಕ್ಕೇ ಸುಮ್ಮನಾದ್ರು.

ಭಾಗ 6

ಯೋಚನೆ ಮಾಡಿ. ವೆಬ್ ಸರ್ವರ್ ಆರು ತಿಂಗಳಿಂದ ಓಡ್ತಿದೆ. ಅದು ಶುರುವಾದಾಗ ಹಳೇ ಲೈಬ್ರರಿ ಮೆಮೊರಿಗೆ ಜೋಡಿಸಿಕೊಂಡಿದೆ. ಈಗ ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಬಂತು. ಹೊಸದಾಗಿ ಶುರುವಾಗೋ ಪ್ರೋಗ್ರಾಂಗಳಿಗೆ ಹೊಸದು. ಹಳೇ ಸರ್ವರ್ ಕೈಲಿ ಹೆಸರಿಲ್ಲದ ಹಳೇ ಫೈಲ್. ಅದರಲ್ಲಿ ತೂತು ಹಾಗೇ ಇದೆ.

ಅಡ್ಮಿನ್ ಪರೀಕ್ಷೆ ಮಾಡೋದು ಹೇಗೆ? "ಓಪನ್‌ಎಸ್‌ಎಸ್‌ಎಲ್ ಆವೃತ್ತಿ ಯಾವುದು" ಅಂತ ಕಮಾಂಡ್ ಕೊಡ್ತಾರೆ. ಆ ಕಮಾಂಡ್ ಈಗ ತಾನೇ ಶುರುವಾದ ಹೊಸ ಪ್ರಾಸೆಸ್, ಅದು ಹೊಸ ಲೈಬ್ರರಿ ನೋಡಿ "ಎಲ್ಲ ಸರಿ" ಅನ್ನುತ್ತೆ. ಪ್ಯಾಕೇಜ್ ಪಟ್ಟಿಯೂ "ಎಲ್ಲ ಸರಿ" ಅನ್ನುತ್ತೆ. ಸೋರ್ತಾ ಇರೋದು ಪಕ್ಕದಲ್ಲಿ.

ಗೊಂದಲಕ್ಕೆ ಇನ್ನೊಂದು ತುಪ್ಪ. ಡೆಬಿಯನ್ ಮತ್ತು ರೆಡ್ ಹ್ಯಾಟ್ ಹೊಸ ಆವೃತ್ತಿಗೆ ಹೋಗದೆ, ತಮ್ಮಲ್ಲಿದ್ದ 1.0.1ಇ ಆವೃತ್ತಿಗೇ ತೇಪೆ ಹಾಕಿದ್ವು. ಅದು ಅವರ ಪದ್ಧತಿ, ಅದಕ್ಕೆ ಒಳ್ಳೇ ಕಾರಣವೂ ಇದೆ. ಆದ್ರೆ ಸುದ್ದಿಯಲ್ಲೆಲ್ಲ "ಜಿ ಇದ್ರೆ ಸೇಫ್, ಎಫ್‌ವರೆಗೂ ಅಪಾಯ" ಅಂತ ಬಂದಿತ್ತು. ತೇಪೆ ಹಾಕಿದೋರಿಗೆ ಇನ್ನೂ ಅಪಾಯ ಅನ್ನೋ ಭಯ, ರೀಸ್ಟಾರ್ಟ್ ಮಾಡದೋರಿಗೆ ಸೇಫ್ ಅನ್ನೋ ಧೈರ್ಯ. ಎರಡೂ ತಪ್ಪು.

ಇದನ್ನ ಡೆಬಿಯನ್‌ನ ಭದ್ರತಾ ತಂಡ ಬೇಗ ಗುರುತಿಸ್ತು. ಅವರ ಮೊದಲ ಪ್ರಕಟಣೆ ಡಿಎಸ್‌ಎ-2896-1 ಬಂದದ್ದು ಏಪ್ರಿಲ್ 7ಕ್ಕೆ. ಒಂದೇ ದಿನದಲ್ಲಿ 2896-2 ಅಂತ ಎರಡನೇದು ಬಂತು. ಅದರಲ್ಲಿ ಹೊಸ ಭದ್ರತಾ ತಿದ್ದುಪಡಿ ಏನಿಲ್ಲ. ಇದ್ದದ್ದು ಇಷ್ಟೇ: ಅಪ್‌ಡೇಟ್ ಆಗುವಾಗ ಓಪನ್‌ಎಸ್‌ಎಸ್‌ಎಲ್ ಬಳಸೋ ಕೆಲವು ಸರ್ವಿಸ್‌ಗಳನ್ನ ಹುಡುಕಿ, "ಇವನ್ನ ರೀಸ್ಟಾರ್ಟ್ ಮಾಡ್ಲಾ?" ಅಂತ ಕೇಳೋ ಏರ್ಪಾಡು. ಇಡೀ ಹಾರ್ಟ್‌ಬ್ಲೀಡ್ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಔಷಧಿ ಕೊಟ್ಟ ಮಾರನೇ ದಿನ ಮನೆಗೆ ಬಂದು "ಕುಡಿದ್ರಾ?" ಅಂತ ವಿಚಾರಿಸಿದ ಹಾಗೆ.

ಸಮಯ ಎಷ್ಟು ಕಮ್ಮಿ ಇತ್ತು ಅನ್ನೋಕೆ ಕೆನಡಾ ನೋಡಿ. ಅಲ್ಲಿನ ತೆರಿಗೆ ಇಲಾಖೆ ಸುದ್ದಿ ಗೊತ್ತಾದ ಕೂಡಲೇ ಆನ್‌ಲೈನ್ ಸೇವೆ ನಿಲ್ಲಿಸಿತು. ಆದ್ರೂ ಸುಮಾರು ಆರು ಗಂಟೆ ಅವಧಿಯಲ್ಲಿ 900 ಜನರ ಸಾಮಾಜಿಕ ವಿಮಾ ನಂಬರ್‌ಗಳು, ನಮ್ಮ ಆಧಾರ್ ನಂಬರ್ ಥರದ್ದು, ಹೋಗಿದ್ವು. ಬಂಧನವಾದದ್ದು 19 ವರ್ಷದ ಒಬ್ಬ ವಿದ್ಯಾರ್ಥಿಯ. ನಮ್ಮ ವಯಸ್ಸಿನವನು. ಲೆಕ್ಕ ಗಂಟೆಗಳದ್ದಾಗಿರುವಾಗ, ಪ್ಯಾಚ್ ಹಾಕಿ ರೀಸ್ಟಾರ್ಟ್ ಮರೆತು ವಾರಗಟ್ಟಲೆ ಬಿಟ್ಟ ಸರ್ವರ್ ಅಂದ್ರೆ ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದ ಮನೆ.

ಭಾಗ 7

ಹುಡುಕೋ ಟೂಲ್‌ಗಳು ಆಗ ಇರಲಿಲ್ವಾ? ಇದ್ವು. ಡೆಬಿಯನ್‌ನಲ್ಲಿ "ಚೆಕ್‌ರೀಸ್ಟಾರ್ಟ್" ಅನ್ನೋ ಪೈಥಾನ್ ಸ್ಕ್ರಿಪ್ಟ್ 2001ರಲ್ಲೇ ಮ್ಯಾಟ್ ಜಿಮರ್‌ಮನ್ ಬರೆದಿಟ್ಟಿದ್ರು. "ಡೆಬಿಯನ್-ಗೂಡೀಸ್" ಅನ್ನೋ ಪ್ಯಾಕೇಜಿನೊಳಗೆ, ಯಾರೂ ಗಮನಿಸದ ಮೂಲೇಲಿ ಇತ್ತು. ಫೆಡೋರಾ ಕಡೆಯವರಿಗೆ "ನೀಡ್ಸ್-ರೀಸ್ಟಾರ್ಟಿಂಗ್", ಓಪನ್‌ಸೂಸೆಯವರಿಗೆ "ಜಿಪ್ಪರ್ ಪಿಎಸ್". ಆಮೇಲೆ ಥಾಮಸ್ ಲಿಸ್ಕೆ ಪರ್ಲ್‌ನಲ್ಲಿ ಬರೆದ "ನೀಡ್‌ರೀಸ್ಟಾರ್ಟ್" ಬಂತು, ಈಗ ಹೆಚ್ಚು ಬಳಕೆಯಲ್ಲಿರೋದು ಅದೇ. ಉಬುಂಟು ಸರ್ವರ್‌ನಲ್ಲಿ 21.04ರಿಂದ ತಾನಾಗೇ ಬರುತ್ತೆ. ಅಪ್‌ಡೇಟ್ ಕೊನೇಲಿ ನೇರಳೆ ಬಣ್ಣದ ಪರದೆ ಬಂದು "ಯಾವ ಸರ್ವಿಸ್ ರೀಸ್ಟಾರ್ಟ್ ಮಾಡ್ಲಿ?" ಅಂತ ಕೇಳುತ್ತಲ್ಲ, ನೀವೆಲ್ಲ ಎಂಟರ್ ಒತ್ತಿ ಮುಂದೆ ಹೋಗ್ತೀರಲ್ಲ, ಅದೇ.

ಇವು ಮಾಡೋ ಕೆಲಸದ ತಿರುಳು ಒಂದೇ. ಪ್ರಾಕ್‌ನಲ್ಲಿರೋ ಪ್ರತಿ ಪ್ರಾಸೆಸ್‌ನ ಮ್ಯಾಪ್ಸ್ ಓದು, "ಡಿಲೀಟೆಡ್" ಅಂತಿರೋ ಸಾಲು ಹುಡುಕು. ಇಷ್ಟೇನಾ ಅನ್ಸುತ್ತೆ. ಮಾಡೋಕೆ ಹೋದಾಗ ಗೊತ್ತಾಗುತ್ತೆ. ಭಾಗ 2ರಲ್ಲಿ ಹೇಳಿದ ಹಾಗೆ ಬೇಕಂತಲೇ ಹೆಸರು ಅಳಿಸಿದ ತಾತ್ಕಾಲಿಕ ಫೈಲ್‌ಗಳೂ, ಪ್ರಾಸೆಸ್‌ಗಳು ಹಂಚಿಕೊಳ್ಳೋ ಮೆಮೊರಿ ತುಂಡುಗಳೂ ಅದೇ ಪದ ಹೊತ್ತು ಕೂತಿರುತ್ತೆ. ಅವುಗಳಿಂದ ಅಪಾಯ ಏನಿಲ್ಲ. ಕಾಳು ಯಾವುದು ಜೊಳ್ಳು ಯಾವುದು ಅಂತ ಕೇರಬೇಕು. ಆಮೇಲೆ, ಸಿಕ್ಕ ಪ್ರಾಸೆಸ್ ನಂಬರ್ ಯಾವ ಪ್ಯಾಕೇಜ್‌ದು, ಅದನ್ನ ರೀಸ್ಟಾರ್ಟ್ ಮಾಡೋ ಸರ್ವಿಸ್ ಹೆಸರೇನು ಅಂತ ಹಿಂದಕ್ಕೆ ಜಾಡು ಹಿಡೀಬೇಕು.

ಇನ್ನು ಪೈಥಾನ್, ಪರ್ಲ್, ರೂಬಿ ಪ್ರೋಗ್ರಾಂಗಳದ್ದು ಬೇರೇನೇ ತಲೆನೋವು. ಅವು ತಮ್ಮ ಕೋಡ್ ಫೈಲ್‌ಗಳನ್ನ ಒಂದು ಸಲ ಓದಿ, ತಲೇಲಿ ಇಟ್ಕೊಂಡು, ಫೈಲ್ ಮುಚ್ಚಿಬಿಡುತ್ತೆ. ಮ್ಯಾಪ್ಸ್‌ನಲ್ಲಿ ಗುರುತೇ ಇರಲ್ಲ. ಅದಕ್ಕೆ ನೀಡ್‌ರೀಸ್ಟಾರ್ಟ್ ಒಂದು ಉಪಾಯ ಮಾಡ್ತು: ಪ್ರೋಗ್ರಾಂ ಯಾವ ಯಾವ ಫೈಲ್ ತರಿಸಿಕೊಳ್ಳುತ್ತೆ ಅಂತ ಪತ್ತೆ ಮಾಡಿ, ಆ ಫೈಲ್‌ಗಳು ಪ್ರಾಸೆಸ್ ಶುರುವಾದ ಹೊತ್ತಿಗಿಂತ ಈಚೆಗೆ ಬದಲಾಗಿದ್ರೆ "ಇದು ಹಳೇದು" ಅನ್ನೋದು. ಈ ಉಪಾಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಸಾಮಾನ್ಯವಾಗಿ ಎಲ್ಲ ಲೈಬ್ರರಿ ಒಳಗೇ ಸೇರಿಸ್ಕೊಂಡು ಬರುತ್ತೆ. ಅಂಥವುಗಳ ಒಳಗೆ ಹಳೇ ಲೈಬ್ರರಿ ಇದ್ರೆ ಈ ಟೂಲ್‌ಗಳು ಯಾವೂ ಹೇಳಲ್ಲ. ಅದು ಬೇರೆ ಸೀರೀಸ್.

ಭಾಗ 8

ಹಾರ್ಟ್‌ಬ್ಲೀಡ್ ಪಾಠ ಹಸಿಯಾಗಿರುವಾಗಲೇ 2015ರ ಜನವರಿ 27ಕ್ಕೆ "ಘೋಸ್ಟ್" ಬಂತು. ಕ್ವಾಲಿಸ್ ಕಂಪನಿಯವರು ಪ್ರಕಟಿಸಿದ್ದು. ಈ ಸಲ ತೂತು ಜಿಲಿಬ್‌ಸಿಯಲ್ಲಿ, ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕೋ ಒಂದು ಫಂಕ್ಷನ್‌ನಲ್ಲಿ. ಜಿಲಿಬ್‌ಸಿ ಅಂದ್ರೆ ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಹೆಚ್ಚು ಕಮ್ಮಿ ಎಲ್ಲ ಪ್ರೋಗ್ರಾಂಗೂ ಬೇಕಾದ ಮೂಲ ಲೈಬ್ರರಿ. ತೂತು 2000ನೇ ಇಸವಿಯ 2.2 ಆವೃತ್ತಿಯಿಂದ ಇತ್ತು. 2013ರಲ್ಲೇ ಅದನ್ನ ಸರಿಪಡಿಸಿಯೂ ಆಗಿತ್ತು! ಆದ್ರೆ ಅದು ಭದ್ರತೆಯ ವಿಷಯ ಅಂತ ಯಾರಿಗೂ ಹೊಳೀಲಿಲ್ಲ, ಹಾಗಾಗಿ ದೀರ್ಘಕಾಲ ಬೆಂಬಲ ಇರೋ ಹಳೇ ಆವೃತ್ತಿಗಳಿಗೆ ಆ ತೇಪೆ ಹೋಗಲೇ ಇಲ್ಲ.

ಇಲ್ಲಿ "ಯಾವ ಸರ್ವಿಸ್ ರೀಸ್ಟಾರ್ಟ್ ಮಾಡ್ಬೇಕು" ಅನ್ನೋ ಪಟ್ಟಿ ತೆಗೆದ್ರೆ ಎಲ್ಲಾನೂ ಬರುತ್ತೆ. ನಂಬರ್ 1 ಪ್ರಾಸೆಸ್ ಸೇರಿ. ಅದು ಮಿಕ್ಕ ಎಲ್ಲ ಪ್ರಾಸೆಸ್‌ಗಳ ಮೂಲ ತಾಯಿ, ಅದನ್ನ ಕೊಲ್ಲೋಕಾಗಲ್ಲ. ಕೊಲ್ಲದೇ ತನ್ನನ್ನ ತಾನೇ ಹೊಸ ಫೈಲಿಂದ ಮತ್ತೆ ಶುರು ಮಾಡ್ಕೊ ಅನ್ನೋಕೆ ಬೇರೆ ಕಮಾಂಡ್ ಇದೆ, ಸಿಸ್ಟಮ್‌ಡಿಯಲ್ಲಿ ಅದಕ್ಕೆ "ಡೀಮನ್-ರೀಎಕ್ಸೆಕ್" ಅಂತ ಹೆಸರು. ಆದ್ರೆ ಆ ಮಟ್ಟಕ್ಕೆ ಹೋದಾಗ ಜಾಣರ ಸಲಹೆ ಒಂದೇ ಆಗಿತ್ತು: ರೀಬೂಟ್ ಮಾಡಿ, ಸುಮ್ಮನೆ. 400 ದಿನದ ಜಂಬಕ್ಕೆ ಬೆಲೆ ಇಳಿದಿದ್ದು ಈ ಕಾಲದಲ್ಲಿ ಅಂತ ನನ್ನ ಅನಿಸಿಕೆ.

ಕರ್ನಲ್‌ನದ್ದು ಇನ್ನೂ ನೇರ. ಹೊಸ ಕರ್ನಲ್ ಹಾಕಿದ್ರೂ ಓಡ್ತಿರೋದು ಹಳೇದೇ, ರೀಬೂಟ್ ಆಗೋವರೆಗೂ. ನಿಲ್ಲಿಸೋಕೆ ಆಗದೇ ಇರೋ ಯಂತ್ರಗಳಿಗಾಗಿ ಓಡ್ತಿರೋ ಕರ್ನಲ್‌ಗೇ ತೇಪೆ ಹಾಕೋ ಲೈವ್‌ಪ್ಯಾಚ್ ಸೌಲಭ್ಯ 2015ರಲ್ಲಿ 4.0 ಕರ್ನಲ್‌ಗೆ ಸೇರ್ತು. ಓಡ್ತಿರೋ ಬಸ್ಸಿನ ಟಯರ್ ಬದಲಾಯಿಸೋ ಕೆಲಸ ಅದು. ಸಣ್ಣ ತೇಪೆಗಳಿಗೆ ಆಗುತ್ತೆ, ಎಲ್ಲಕ್ಕೂ ಆಗಲ್ಲ.

ಭಾಗ 9

ಈಗ ಕಥೆಯ ತಿರುವು. 2024ರ ನವೆಂಬರ್. ಅದೇ ಕ್ವಾಲಿಸ್‌ನವರು ಮತ್ತೆ ಬಂದ್ರು. ಈ ಸಲ ತೂತು ಇದ್ದದ್ದು ನೀಡ್‌ರೀಸ್ಟಾರ್ಟ್‌ನಲ್ಲೇ.

ಭಾಗ 7ರ ಉಪಾಯ ನೆನಪಿದೆಯಾ? ಪೈಥಾನ್ ಪ್ರೋಗ್ರಾಂ ಯಾವ ಫೈಲ್ ತರಿಸಿಕೊಳ್ಳುತ್ತೆ ಅಂತ ತಿಳಿಯೋಕೆ, ನೀಡ್‌ರೀಸ್ಟಾರ್ಟ್ ಆ ಪ್ರಾಸೆಸ್‌ನ ಪರಿಸರದಿಂದ "ಪೈಥಾನ್ ಪಾತ್" ಅನ್ನೋ ಮಾಹಿತಿ ತಗೊಂಡು, ತಾನೇ ಪೈಥಾನ್ ಓಡಿಸಿ ಕೇಳ್ತಿತ್ತು. ತಾನು ಓಡೋದು ರೂಟ್ ಅಧಿಕಾರದಲ್ಲಿ, ಅಂದ್ರೆ ಯಂತ್ರದ ಯಜಮಾನನಾಗಿ. ಆದ್ರೆ ಆ ಪ್ರಾಸೆಸ್ ಯಾರೋ ಸಾಮಾನ್ಯ ಬಳಕೆದಾರನದ್ದಾಗಿದ್ದು, ಅವನು ಆ ಪಾತ್‌ನಲ್ಲಿ ತನ್ನ ಕಳ್ಳ ಕೋಡ್ ಇಟ್ಟಿದ್ರೆ? ಯಜಮಾನನ ಅಧಿಕಾರದಲ್ಲಿ ಕಳ್ಳನ ಕೋಡ್ ಓಡುತ್ತೆ. ಪೈಥಾನ್, ರೂಬಿ, ಪರ್ಲ್ ಎಲ್ಲ ಸೇರಿ ಐದು ತೂತು. ಈ ಇಂಟರ್‌ಪ್ರಿಟರ್ ಪರೀಕ್ಷೆ ಸೇರಿದ್ದು 0.8 ಆವೃತ್ತಿಯಲ್ಲಿ, 2014ರ ಏಪ್ರಿಲ್‌ನಲ್ಲಿ. ಹೌದು, ಹಾರ್ಟ್‌ಬ್ಲೀಡ್ ಬಂದ ಅದೇ ತಿಂಗಳು. ಹತ್ತು ವರ್ಷ ಯಾರೂ ನೋಡಿರಲಿಲ್ಲ. 3.8 ಆವೃತ್ತಿಯಲ್ಲಿ ಸರಿಹೋಗಿದೆ. ತಕ್ಷಣಕ್ಕೆ ಅಪ್‌ಡೇಟ್ ಮಾಡೋಕಾಗದೋರಿಗೆ ಕಾನ್ಫಿಗ್ ಫೈಲಲ್ಲಿ ಆ ಇಂಟರ್‌ಪ್ರಿಟರ್ ಪರೀಕ್ಷೆಯನ್ನೇ ಬಂದ್ ಮಾಡಿ ಅಂದ್ರು.

ಇದನ್ನ ಓದಿ ಕೆಲವರು "ಹಾಗಾದ್ರೆ ಈ ಟೂಲೇ ಬೇಡ, ತೆಗೆದುಹಾಕಿ" ಅಂದ್ರು. ನನಗೆ ಅದು ಸರಿ ಅನ್ಸಲ್ಲ. ಆ ತೂತು ಬಳಸೋಕೆ ಕಳ್ಳ ಮೊದಲೇ ಆ ಯಂತ್ರದ ಒಳಗೆ ಒಂದು ಅಕೌಂಟ್ ಇಟ್ಕೊಂಡಿರಬೇಕು. ರೀಸ್ಟಾರ್ಟ್ ಆಗದ ಹಳೇ ವೆಬ್ ಸರ್ವರ್‌ಗಾದ್ರೆ ಜಗತ್ತಿನ ಯಾವ ಮೂಲೆಯಿಂದ ಬೇಕಾದ್ರೂ ಕೈ ಹಾಕಬಹುದು. ಕಾವಲುನಾಯಿ ಒಮ್ಮೆ ಮನೆಯವರನ್ನೇ ಕಚ್ಚಿತು ಅಂತ ಬಾಗಿಲು ತೆಗೆದಿಟ್ಟು ಮಲಗ್ತೀರಾ?

ಭಾಗ 10

ಕಾಮೆಂಟ್‌ನಲ್ಲಿ ನಾಲ್ಕೈದು ಜನ ಕೇಳಿದ ಪ್ರಶ್ನೆ: "ಇಷ್ಟೆಲ್ಲ ಯಾಕೆ, ರೀಬೂಟ್ ಮಾಡಿದ್ರೆ ಆಯ್ತಲ್ಲ?"

ನಿಮ್ಮ ಲ್ಯಾಪ್‌ಟಾಪ್‌ಗೆ, ಹೌದು, ಅಷ್ಟೇ ಸಾಕು. ಮುಚ್ಚಳ ಮುಚ್ಚಿದ್ರೆ ರೀಬೂಟ್ ಆಗಲ್ಲ, ಅದು ನಿದ್ದೆ ಅಷ್ಟೇ. ತಿಂಗಳುಗಟ್ಟಲೆ ಮುಚ್ಚಳ ಮುಚ್ಚಿ ತೆಗೆದು ಮಾಡೋರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಫೈರ್‌ಫಾಕ್ಸ್ ಒಮ್ಮೊಮ್ಮೆ ಹೊಸ ಟ್ಯಾಬ್ ತೆರೆಯೋಕೆ ಬಿಡದೆ "ರೀಸ್ಟಾರ್ಟ್ ಮಾಡಿ" ಅಂತ ಹಠ ಮಾಡುತ್ತಲ್ಲ, ಅದೂ ಇದೇ ಸಂಗತಿ. ಹಿಂದೆ ಅಪ್‌ಡೇಟ್ ಆಗಿ ಅದರ ಫೈಲ್‌ಗಳು ಬದಲಾಗಿರುತ್ತೆ, ಹಳೇದು ಹೊಸದು ಬೆರೆಸಿ ಓಡಿಸೋಕೆ ಅದು ಒಪ್ಪಲ್ಲ. ಬೈಬೇಡಿ, ಮಾಡಿ.

ಆದ್ರೆ ನಾಳೆ ನಮ್ಮಲ್ಲೇ ಯಾರಾದ್ರೂ ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ ಸರ್ವರ್ ನೋಡ್ಕೊಳ್ಳೋ ಕೆಲಸಕ್ಕೆ ಸೇರ್ತೀವಿ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ರೀಬೂಟ್ ಅಂದ್ರೆ ಕ್ಯೂನಲ್ಲಿ ನಿಂತಿರೋ ಇನ್ನೂರು ಜನ. ಅಲ್ಲಿ ಬೇಕಾಗೋದು "ಯಾವ ಮೂರು ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಸಾಕು" ಅನ್ನೋ ಉತ್ತರ. ಡೆಬಿಯನ್, ಉಬುಂಟು ಆದ್ರೆ ಅಪ್‌ಡೇಟ್ ಆದ ಮೇಲೆ ಸುಡೋ ಜೊತೆ ನೀಡ್‌ರೀಸ್ಟಾರ್ಟ್ ಓಡಿಸಿ. ಅದಿಲ್ಲದ ಕಡೆ ಎಲ್‌ಎಸ್‌ಓಎಫ್ ಪಟ್ಟಿ ತೆಗೆದು "ಡಿಲೀಟೆಡ್" ಮತ್ತು ಲೈಬ್ರರಿ ಹೆಸರು ಎರಡೂ ಇರೋ ಸಾಲು ಹುಡುಕಿ. ಉಬುಂಟುವಿನಲ್ಲಿ ರೀಬೂಟೇ ಬೇಕಿದ್ರೆ ರನ್ ಡೈರೆಕ್ಟರಿಯಲ್ಲಿ "ರೀಬೂಟ್-ರಿಕ್ವೈರ್ಡ್" ಅನ್ನೋ ಫೈಲ್ ಬಂದು ಕೂತಿರುತ್ತೆ, ಯಾವ ಪ್ಯಾಕೇಜ್‌ನಿಂದ ಅನ್ನೋದು ಅದರ ಪಕ್ಕದ ಫೈಲಲ್ಲಿ.

ಪಟ್ಟಿ ತೆಗೆದಾಗ ಮೊದಲ ಸಲ ಎಷ್ಟು ಸಾಲು ಬಂತು ಅಂತ ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿಗೆ ಹಾಕಿ, ನನ್ನನ್ನ ಟ್ಯಾಗ್ ಮಾಡಿ. ಯೂಸರ್ ಹೆಸರು, ಫೋಲ್ಡರ್ ಹೆಸರು ಕಾಣದ ಹಾಗೆ ಕ್ರಾಪ್ ಮಾಡ್ಕೊಳ್ಳಿ. ಅತಿ ಹಳೇ ಪ್ರಾಸೆಸ್ ಯಾರ ಲ್ಯಾಪ್‌ಟಾಪಲ್ಲಿದೆ ನೋಡೇಬಿಡೋಣ.

#ಕನ್ನಡದಲ್ಲಿಲಿನಕ್ಸ್ #ಕಂಪ್ಯೂಟರ್‌ಇತಿಹಾಸ #ಸಿಂಧಘಟ್ಟ #ಕೆಆರ್‌ಪೇಟೆ #ಮಂಡ್ಯ